ಕುಡುಕ ನೆಲ ಹುಡುಕಿದ ದುರಗವ್ವ

ಬ್ಯಾಡಗಿಯ ಹಗೇವಿನ ಓಣಿಗೆ ಹೋಗಿ ದುರಗವ್ವನ ಮನೆ ಯಾವುದು ಎಂದು ಕೇಳಿದರೆ, "ಮಳಿ ಬಂದಾಗ ಬರ್ರಿ, ನೀರಿನ ಹಿಂದ ಹೋದ್ರ ಸೀದಾ ಆಕಿ ಪಡಸಾಲಿ ಮುಟ್ಟತೀರಿ" ಎಂದು ಹೇಳಿ ನಗುವ ಜನ ಇದ್ದರು. ಇನ್ನೊಬ್ಬರ ಮನೆಗೆ ನೀರು ನುಗ್ಗಿದರೆ ಕೆಲವರಿಗೆ ನಗು ತಡೆಯುವುದಿಲ್ಲ. ದುರಗವ್ವನಿಗೂ ಬೈಗುಳ ತಡೆಯುತ್ತಿರಲಿಲ್ಲ. ಹೀಗಾಗಿ ಮಳೆಗಾಲದಲ್ಲಿ ಆ ಓಣಿಯಲ್ಲಿ ಗುಡುಗು ನಿಂತ ಮೇಲೂ ಬಹಳ ಹೊತ್ತು ಸದ್ದು ಇರುತ್ತಿತ್ತು.

ಆಕೆಗೆ ಐವತ್ತೆಂಟು ವಯಸ್ಸು. ಮೂವತ್ತು ವರ್ಷಗಳಿಂದ ಮೆಣಸಿನಕಾಯಿ ಗೋಡೌನುಗಳಲ್ಲಿ ಕೂತು ತೊಟ್ಟು ಬಿಡಿಸುವ ಕೆಲಸ. ಬೆರಳ ತುದಿಗೆ ಹತ್ತಿದ ಖಾರ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಕಣ್ಣೊರೆಸಿಕೊಂಡರೆ ಕಣ್ಣು ಉರಿಯುತ್ತಿತ್ತು. ಅದಕ್ಕೇ ಅಕ್ಕ ಅಳೋದನ್ನೇ ಬಿಟ್ಟಿದ್ದಾಳೆ ಎಂದು ಪಕ್ಕದ ಮನೆಯ ರಸೂಲಬಿ ಚೇಷ್ಟೆ ಮಾಡುತ್ತಿದ್ದಳು. ಗಂಡ ಫಕ್ಕೀರಪ್ಪ ಮಾರುಕಟ್ಟೆಯಲ್ಲಿ ಚೀಲ ಹೊತ್ತು ಹೊತ್ತು ಬೆನ್ನು ಕಳೆದುಕೊಂಡ ಹಮಾಲ. ಒಳ್ಳೆಯವನು, ಆದರೆ ಜಗಳ ಶುರುವಾಗುವ ಮೊದಲೇ "ಹೋಗ್ಲಿ ಬಿಡು" ಎಂದು ಸೋತುಬಿಡುವವನು. ಗೆಲ್ಲುವ ಕೆಲಸವೆಲ್ಲ ಹೆಂಡತಿಯ ಪಾಲಿಗೆ ಬಂದಿತ್ತು.

ದುರಗವ್ವ ಮದುವೆಯಾಗಿ ಬಂದಾಗ ಓಣಿಯಿಂದ ಅವರ ಅಂಗಳಕ್ಕೆ ಮೂರು ಮೆಟ್ಟಿಲು ಹತ್ತಬೇಕಿತ್ತು. ಆಮೇಲೆ ಓಣಿಗೆ ಖಡಿ ಬಿತ್ತು, ಖಡಿಯ ಮೇಲೆ ಡಾಂಬರು, ಡಾಂಬರಿನ ಮೇಲೆ ಮತ್ತೊಂದು ಡಾಂಬರು, ಅದರ ಮೇಲೆ ಸಿಮೆಂಟು. ಹಳೆಯದನ್ನು ಕಿತ್ತು ಹೊಸದು ಹಾಕುವಷ್ಟು ತಾಳ್ಮೆ ಯಾವ ಗುತ್ತಿಗೆದಾರನಿಗೂ ಇರಲಿಲ್ಲ. ಒಂದೊಂದು ಚುನಾವಣೆಗೆ ಒಂದೊಂದು ಮೆಟ್ಟಿಲು ರಸ್ತೆಯೊಳಗೆ ಮುಳುಗಿ, ಕಡೆಗೆ ಓಣಿಯಿಂದ ಮನೆಗೆ ಇಳಿದು ಹೋಗುವ ಹಾಗಾಯಿತು. ಸಾಲದ್ದಕ್ಕೆ ಓಣಿಯ ಮೇಲಿನ ತುದಿಯಲ್ಲಿ ಹನುಮೇಶ ಸಾವಕಾರರ ಹೊಸ ಗೋಡೌನು ಎದ್ದಿತು. ಮುಕ್ಕಾಲು ಎಕರೆಯಷ್ಟು ತಗಡಿನ ಛಾವಣಿ. ಅದರ ಮೇಲೆ ಬಿದ್ದ ಪ್ರತಿ ಹನಿಯೂ ದೊಡ್ಡ ಪೈಪುಗಳಲ್ಲಿ ಇಳಿದು ಓಣಿಗೆ ಬರುತ್ತಿತ್ತು, ಓಣಿಯಿಂದ ದುರಗವ್ವನ ಮನೆಗೆ. ವರ್ಷದ ಮೊದಲ ಮಳೆಯಂತೂ ಛಾವಣಿಯ ಮೆಣಸಿನಕಾಯಿ ಧೂಳನ್ನೆಲ್ಲ ತೊಳೆದು ತರುತ್ತಿತ್ತು. ಆ ನೀರಿನಲ್ಲಿ ನಿಂತರೆ ಕಾಲು ಚುರುಗುಡುತ್ತಿತ್ತು.

ನೋಡಲು ಬಂದ ಅಧಿಕಾರಿಗಳೆಲ್ಲ ಒಂದೇ ಮಾತು ಹೇಳುತ್ತಿದ್ದರು: "ನಿಮ್ಮ ಮನಿ ತಗ್ಗಿನಾಗೈತಿ."

"ಮನಿ ಇದ್ದಲ್ಲೇ ಐತ್ರಿ ಸಾಹೇಬ್ರ," ಎಂದು ದುರಗವ್ವ ಪ್ರತಿ ಸಲ ಹೇಳುತ್ತಿದ್ದಳು. "ನಿಮ್ಮ ರಸ್ತೆ ಬೆಳದೈತಿ. ಅದಕ್ಕೇನ್ ತಿನಿಸಿ ಬೆಳಸೀರಿ, ಅದನ್ನ ಹೇಳ್ರಿ."

ಹೋದ ಅಕ್ಟೋಬರಿನ ಮಳೆ ಮಾತಿಗೆ ಜಾಗ ಬಿಡಲಿಲ್ಲ. ಪಡಸಾಲೆಯ ಮಣ್ಣಿನ ಗೋಡೆ ಬುಡದಿಂದ ಎರಡು ಗೇಣು ತೊಯ್ದು, ಉಬ್ಬಿ, ಕೈಬೆರಳು ತೂರುವಷ್ಟು ಸೀಳು ಬಿಟ್ಟಿತು. ಮಾರ್ಚಿನಲ್ಲಿ ಪುರಸಭೆ ಕಚೇರಿಯಿಂದ ನೋಟಿಸು ಬಂತು. ಈ ಮಳೆಗಾಲದಲ್ಲಿ ಇನ್ನೊಂದು ಸಲ ಒಳಗೆ ನೀರು ಬಂದರೆ ಮನೆ ಅಪಾಯಕಾರಿ ಎಂದು ಬರೆದು, ಅವರನ್ನು ಹೊರಗೆ ಕಳಿಸಿ ಕೆಡವುವುದಾಗಿ ಅದರಲ್ಲಿತ್ತು. ದುರಗವ್ವ ಅದನ್ನು ಎರಡು ಸಲ ಓದಿಸಿ ಕೇಳಿದಳು. ಮೂರನೆಯ ಸಲ ಓದಲು ಹೋದ ಫಕ್ಕೀರಪ್ಪನ ಕೈಯಿಂದ ಕಿತ್ತುಕೊಂಡು ಮಡಚಿ ಗೋಡೆಯ ಮಾಡಿನಲ್ಲಿಟ್ಟಳು.

ಮರುದಿನ ಹನುಮೇಶ ಸಾವಕಾರರೇ ಬಂದರು. ಕೆಟ್ಟ ಮನುಷ್ಯರೇನಲ್ಲ, ಸುತ್ತಿ ಬಳಸಿ ಮಾತಾಡುವವರೂ ಅಲ್ಲ.

"ದುರಗವ್ವಾ, ಊರ ಹೊರಗ ಹೊಸಾ ಪ್ಲಾಟಿನ್ಯಾಗ ಗಟ್ಟಿ ಮನಿ ನೋಡೇನಿ. ನಿಮಗ ಅದನ್ನ ಕೊಡಸ್ತೇನಿ. ಖರೇ ಹೇಳ್ಬೇಕಂದ್ರ, ಈ ಜಾಗಾ ನನ್ನ ಲಾರಿ ತಿರುಗಾಕ ಬೇಕಾಗೈತಿ."

"ನಿಮ್ಮ ಗೋಡೌನಿನ ನೀರು ಆಗಲೇ ನನ್ನ ಮನ್ಯಾಗ ತಿರಗಾಕತ್ತೈತಿ," ಎಂದಳು ದುರಗವ್ವ. "ಇನ್ನ ಲಾರಿನೂ ತಿರಗಬೇಕೇನ್ರಿ ಸಾವಕಾರ್ರ?"

ಸಾವಕಾರರು ನಕ್ಕು, ಮಳೆ ಬರಲಿ, ಆಮೇಲೆ ಮಾತಾಡೋಣ ಎಂದು ಎದ್ದುಹೋದರು. ಆ ನಗು ದುರಗವ್ವನಿಗೆ ಬೈಗುಳಕ್ಕಿಂತ ಹೆಚ್ಚು ನಾಟಿತು. ದೇವರಗುಡ್ಡದ ಮೈಲಾರಪ್ಪನ ಆಣೆ, ಈ ಹೊಸ್ತಿಲು ಬಿಟ್ಟು ಹೋಗುವುದಿಲ್ಲ ಎಂದು ಆಕೆ ಗಂಡನ ಮುಂದೆ ಹೇಳಿದಳು.

ಏಪ್ರಿಲಿನಲ್ಲಿ ಗೋಡೆಯ ಫೋಟೋ ತೆಗೆಯಲು ಕಚೇರಿಯಿಂದ ಪ್ರಿಯಾಂಕಾ ಬಂದಳು. ರಾಣೆಬೆನ್ನೂರಿನಿಂದ ದಿನಾ ಬಸ್ಸಿಗೆ ಬಂದು ಹೋಗುವ ಹೊಸ ಎಂಜಿನಿಯರು. ಆಕೆ ಮನೆ ತಗ್ಗಿನಲ್ಲಿದೆ ಎನ್ನಲಿಲ್ಲ. ಓಣಿಯ ನಡುವೆ ನಿಂತು ಮೇಲಿನ ತಗಡನ್ನು ನೋಡಿದಳು, ಕೆಳಗಿನ ಮನೆಯನ್ನು ನೋಡಿದಳು, ಚಪ್ಪಲಿಯಿಂದ ಸಿಮೆಂಟನ್ನು ಕುಟ್ಟಿದಳು.

"ಮ್ಯಾಲಿಂದ ಇಲ್ಲೀತನಕಾ ನೀರಿಗೆ ಭೂಮ್ಯಾಗ ಇಳಿಯಾಕ ಒಂದು ಗೇಣೂ ಜಾಗಾ ಇಲ್ಲಲ್ರಿ ದುರಗವ್ವಾರ," ಎಂದಳು. "ಪಾಪ, ಅದಾದ್ರೂ ಎಲ್ಲಿ ಹೋಗಬೇಕು?"

ನೀರನ್ನು ಪಾಪ ಎಂದ ಮೊದಲ ಅಧಿಕಾರಿ ಅವಳೇ. ದುರಗವ್ವ ಆಕೆಯನ್ನು ಕೂರಿಸಿ ಚಹಾ ಕೊಟ್ಟಳು. ಆಗ ಪ್ರಿಯಾಂಕಾ ಮಳೆತೋಟದ ವಿಷಯ ಹೇಳಿದಳು. ನೀರು ಹರಿದು ಬರುವ ದಾರಿಯಲ್ಲಿ ಪರಾತದ ಹಾಗೆ ಅಗಲವಾದ, ಮೊಣಕಾಲುದ್ದದ ತಗ್ಗು ತೆಗೆಯುವುದು. ಅದರಲ್ಲಿ ಉಸುಕು, ಗೊಬ್ಬರ ಬೆರೆತ ಸಡಿಲ ಮಣ್ಣು ಹಾಕಿ, ನೀರನ್ನೂ ಬಿಸಿಲನ್ನೂ ತಾಳುವ ಗಿಡ ನೆಡುವುದು. ಓಡುವ ನೀರು ಅಲ್ಲಿಗೆ ಬಂದು ನಿಲ್ಲುತ್ತದೆ, ಒಂದು ದಿನದೊಳಗೆ ನೆಲಕ್ಕೆ ಇಳಿಯುತ್ತದೆ. ಬೇರುಗಳು ನೆಲವನ್ನು ಸಡಿಲ ಇಡುತ್ತವೆ. ಕಚೇರಿಯಲ್ಲಿ ಇದಕ್ಕೆ ಯಾವ ಯೋಜನೆಯೂ ಇಲ್ಲ, ಓಣಿಯವರೇ ಅಗೆದರೆ ಅಳತೆಗೆ ನಾನು ಬರುತ್ತೇನೆ ಎಂದಳು.

"ಅಷ್ಟ ಹೌದಲ್ಲ? ನಾಳಿಂದ ಅಗೀತೇವಿ," ಎಂದಳು ದುರಗವ್ವ.

ಜಾಗವನ್ನೂ ಆಕೆಯೇ ಗೊತ್ತು ಮಾಡಿದಳು. ಓಣಿಯ ನಡುವೆ ಒಂದು ಖಾಲಿ ಬಯಲಿತ್ತು. ಹಿಂದಿನ ಕಾಲದಲ್ಲಿ ಊರವರು ಜೋಳವನ್ನು ನೆಲದೊಳಗೆ ಹಗೇವು ತೋಡಿ ತುಂಬಿಡುತ್ತಿದ್ದುದು ಅಲ್ಲೇ. ಹಗೇವುಗಳನ್ನು ಮಣ್ಣು ತುಂಬಿ ಮುಚ್ಚಿ ನಲವತ್ತು ವರ್ಷವಾಗಿದ್ದರೂ ಹಗೇವಿನ ಬಾಯಿಯ ಮೇಲೆ ಮನೆ ಕಟ್ಟಬಾರದು ಎಂಬ ರೂಢಿ ಉಳಿದು, ಜಾಗ ಹಾಗೇ ಬಿದ್ದಿತ್ತು. ಅಲ್ಲಿ ಅಗೆದರೆ ಯಾರೂ ತಕರಾರು ಮಾಡುವಂತಿರಲಿಲ್ಲ.

"ಮೊದಲ ಒಂದು ಸಣ್ಣ ಕುಣಿ ತಗದು, ನೀರು ಹಾಕಿ ನೆಲಾ ಪರೀಕ್ಷೆ ಮಾಡೂಣ್ರಿ," ಎಂದಳು ಪ್ರಿಯಾಂಕಾ.

ದುರಗವ್ವನಿಗೆ ಕೋಪವೇ ಬಂತು. "ನೆಲದ ಮಾತು ನನಗ ಕಲಸ್ತೀ ಏನವಾ? ನಾ ಯಾರ ಮಗಳು ಗೊತ್ತೈತೇನು? ಹಗೇವು ತೋಡೋ ಲಕ್ಕಪ್ಪನ ಮಗಳು. ಹೊಸರಿತ್ತಿ ಸೀಮ್ಯಾಗ ನಮ್ಮಪ್ಪ ಗುದ್ದಲಿ ಹಾಕದ ಊರ ಇಲ್ಲ."

ಪ್ರಿಯಾಂಕಾ ಹೊಸಬಳು, ಎದುರಿಗಿದ್ದವಳು ದುರಗವ್ವ. ಪರೀಕ್ಷೆ ಅಲ್ಲಿಗೇ ನಿಂತಿತು.

ಮೆಣಸಿನಕಾಯಿ ಹಂಗಾಮು ಇಳಿದಿತ್ತು. ತೊಟ್ಟು ಬಿಡಿಸುವ ಎಂಟು ಹೆಂಗಸರು ಬಿಡುವಿದ್ದಾಗಲೆಲ್ಲ ಬಂದು ಹದಿನೈದು ದಿನದಲ್ಲಿ ತಗ್ಗು ತೆಗೆದರು. ರಸೂಲಬಿ ತನ್ನ ತವರು ಕುಮಾರಪಟ್ಟಣದ ಹೊಳೆದಂಡೆಯಿಂದ ಲಾವಂಚದ ಬೇರು ತಂದಳು. ಕಾಬಾಳೆ ನೆಟ್ಟರು, ನಿಂಬೆಹುಲ್ಲು ನೆಟ್ಟರು. ದುರಗವ್ವ ಸೆರಗು ಸಿಕ್ಕಿಸಿಕೊಂಡು ಓಣಿಯ ಉದ್ದಕ್ಕೂ ಓಡಾಡಿದಳು. ಸಾವಕಾರರ ಗೇಟಿನ ಮುಂದೆ ಬೇಕಂತಲೇ ಎರಡು ಸಲ ಹೆಚ್ಚು ಓಡಾಡಿದಳು.

ಮೇ ಎರಡನೆಯ ವಾರ ಅಡ್ಡ ಮಳೆ ಬಂತು. ಅರ್ಧ ತಾಸು ಹೊಡೆಯಿತು ಅಷ್ಟೆ. ತಗ್ಗು ತುಂಬಿತು, ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಲ್ಲುವ ಮೊದಲೇ ತಗ್ಗು ಉಕ್ಕಿ ಹರಿದು, ಎಂದಿನ ದಾರಿಯಲ್ಲೇ ದುರಗವ್ವನ ಅಂಗಳಕ್ಕೆ ಬಂತು. ಗಂಡ ಹೆಂಡತಿ ಹೊಸ್ತಿಲಿಗೆ ಚೀಲ ಒಡ್ಡಿ, ಸಂಜೆಯವರೆಗೆ ಕಸಬರಿಗೆಯಿಂದ ನೀರು ದಬ್ಬಿದರು. ಒಳಗೆ ಬರಲಿಲ್ಲ, ಆದರೆ ಹೊಸ್ತಿಲು ನೆನೆಯಿತು. ಕಚೇರಿಯ ದೊಡ್ಡ ಸಾಹೇಬರು ಬಂದು ನೋಡಿ, ಇದು ಬೇಸಿಗೆ ಮಳೆ, ಲೆಕ್ಕಕ್ಕೆ ಹಿಡಿಯುವುದಿಲ್ಲ, ಮುಂದಿನದನ್ನು ಬಿಡುವುದಿಲ್ಲ ಎಂದು ಹೇಳಿಹೋದರು.

ತಗ್ಗಿನ ನೀರು ಮರುದಿನ ಇಳಿಯಬೇಕಿತ್ತು. ಇಳಿಯಲಿಲ್ಲ. ಎರಡನೆಯ ದಿನವೂ ಇಳಿಯಲಿಲ್ಲ. ಐದು ದಿನ ನಿಂತು ಹಸಿರಾಗಿ, ಸೊಳ್ಳೆಮರಿ ಎದ್ದು, ಗಿಡದ ಬುಡ ಕೊಳೆತು ನಾರಿತು. ಓಣಿಯವರು ಅದಕ್ಕೆ ದುರಗವ್ವನ ಎಮ್ಮೆಹೊಂಡ ಎಂದು ಹೆಸರಿಟ್ಟರು. ಕಚೇರಿಯಿಂದ ಮುಚ್ಚಲು ಹೇಳಿಕಳಿಸಿದರು. ಅಗೆದ ಎಂಟು ಹೆಂಗಸರಲ್ಲಿ ಆರು ಮಂದಿ ಆ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಓಡಾಡತೊಡಗಿದರು.

"ನಾ ಅಗದೇನಿ, ನಾನ ಮುಚ್ಚತೇನಿ. ಯಾರೂ ಕೈ ಹಚ್ಚಬ್ಯಾಡ್ರಿ," ಎಂದು ಆರನೆಯ ದಿನ ಬೆಳಿಗ್ಗೆ ದುರಗವ್ವ ಒಬ್ಬಳೇ ತಗ್ಗಿಗಿಳಿದಳು. ನೀರು ಬಳಿದು ಚೆಲ್ಲಿ, ಹಾಕಿದ್ದ ಸಡಿಲ ಮಣ್ಣು ಸರಿಸಿ, ತಳಕ್ಕೆ ಗುದ್ದಲಿ ಹಾಕಿದಳು. ಒಂದು ಹೆಂಟೆ ಎದ್ದು ಬಂತು. ಕೈಯಲ್ಲಿ ಹಿಡಿದು ಮುರಿದಳು. ಮೇಲೆ ಒಂದು ಬೆರಳಷ್ಟು ಕೆಸರು. ಅದರ ಕೆಳಗೆ ಮಣ್ಣು ಒಣಗಿ ಗಟ್ಟಿಯಾಗಿತ್ತು. ಐದು ದಿನ ನೀರು ನಿಂತರೂ ಆ ನೆಲ ಒಂದು ಗುಟುಕನ್ನೂ ಕುಡಿದಿರಲಿಲ್ಲ.

ಅವಳು ತಗ್ಗಿನಲ್ಲೇ ಕುಳಿತಳು. ಒಂಬತ್ತು ವರ್ಷದವಳಿದ್ದಾಗ ಅಪ್ಪನ ಜೊತೆ ಚಕ್ಕಡಿಯಲ್ಲಿ ಬಂದು ಇದೇ ಬಯಲಲ್ಲಿ ಇಳಿದದ್ದು ನೆನಪಾಯಿತು. ಲಕ್ಕಪ್ಪ ಹಗೇವು ತೋಡುವ ಮೊದಲು ಮೊಣಕೈ ಆಳದ ಕುಣಿ ತೆಗೆಯುತ್ತಿದ್ದ. ಸಂಜೆ ಅದಕ್ಕೊಂದು ಕೊಡ ನೀರು ಸುರಿದು, ಮೇಲೊಂದು ಬುಟ್ಟಿ ಬೋರಲು ಹಾಕಿ ಮಲಗುತ್ತಿದ್ದ. ಬೆಳಿಗ್ಗೆ ನೀರು ಇದ್ದಷ್ಟೇ ಇದ್ದರೆ ಅಲ್ಲಿ ಹಗೇವು ತೋಡುತ್ತಿದ್ದ. ಆ ನೆಲದಲ್ಲಿ ಜೋಳ ಎಷ್ಟು ವರ್ಷ ಇಟ್ಟರೂ ತೇವ ತಾಗುವುದಿಲ್ಲ. ನೀರು ಇಂಗಿದ್ದರೆ ಕುಣಿಗೆ ಉಗಿದು ಮುಚ್ಚಿಬಿಡುತ್ತಿದ್ದ. "ಇದು ಕುಡಕ ನೆಲ ಐತಿ ಮಗಳ. ಇದರ ಹೊಟ್ಟ್ಯಾಗ ಕಾಳು ಇಟ್ರ ಕೊಳತು ಹೋಗ್ತಾವ," ಎನ್ನುತ್ತಿದ್ದ.

ಈ ಬಯಲನ್ನು ಆರಿಸಿದವನು ಅವನೇ. ನೀರು ಹನಿಯೂ ಇಳಿಯಬಾರದೆಂದು ಅಪ್ಪ ಹುಡುಕಿ ಹುಡುಕಿ ಆರಿಸಿದ ನೆಲದಲ್ಲಿ, ನೀರು ಇಳಿಯಲಿ ಎಂದು ಮಗಳು ಐದು ದಿನ ಕಾದಿದ್ದಳು. ಬೇರೆ ಯಾರೇ ಈ ತಪ್ಪು ಮಾಡಿದ್ದರೂ ಕ್ಷಮೆ ಇತ್ತು. ಹಗೇವು ತೋಡುವವನ ಮಗಳೆಂದು ಜಂಭ ಕೊಚ್ಚಿ ಮಾಡಿದ್ದಳಲ್ಲ! ದುರಗವ್ವನಿಗೆ ನಗು ಬಂತು. ಕೆಸರು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವಳನ್ನು ಕಂಡ ರಸೂಲಬಿ, ಅಕ್ಕನ ತಲೆ ಕೆಟ್ಟಿತೆಂದು ಓಡಿಬಂದಳು.

"ತಲಿ ಈಗ ನೆಟ್ಟಗಾತು ತಂಗಿ," ಎಂದಳು ದುರಗವ್ವ. "ಏಳು, ಕೊಡ ತಗೊಂಡ ಬಾ. ಕುಡಕ ನೆಲಾ ಹುಡುಕಬೇಕು."

ಅದಕ್ಕೂ ಮೊದಲು ಆಕೆ ಕಚೇರಿಗೆ ಹೋಗಿ, ಎಲ್ಲರ ಎದುರಿಗೆ ಪ್ರಿಯಾಂಕಾಳಿಗೆ "ನಂದ ತಪ್ಪಾತವಾ, ನಿನ್ನ ಮಾತ ಕೇಳಬೇಕಿತ್ತು" ಎಂದಳು. ಆ ಬಾಯಿಂದ ಇಂಥ ಮಾತು ಬಂದದ್ದನ್ನು ಕೇಳಿದವರು ಇವತ್ತಿಗೂ ಒಬ್ಬರಿಗೊಬ್ಬರು ಹೇಳುತ್ತಾರೆ. ಅಂದು ಸಂಜೆ ದುರಗವ್ವ, ಪ್ರಿಯಾಂಕಾ ಇಬ್ಬರೂ ಸೇರಿ ಓಣಿಯಲ್ಲಿ ಸಿಮೆಂಟು ಬೀಳದೆ ಉಳಿದ ಏಳು ಕಡೆ ಕುಣಿ ತೆಗೆದರು. ಗುಡಿಯ ಹಿಂದೆ, ನಲ್ಲಿಯ ಪಕ್ಕ, ಬೇವಿನ ಮರದ ಬುಡದಲ್ಲಿ, ಹೀಗೆ ಬಂದು ಬಂದು ಏಳನೆಯದು ದುರಗವ್ವನದೇ ಅಂಗಳದ ಓಣಿಕಡೆಯ ಮೂಲೆಯಲ್ಲಿ, ಹಿಂದೆ ಎಮ್ಮೆ ಕಟ್ಟುತ್ತಿದ್ದ ಕಡೆ. ಏಳಕ್ಕೂ ಒಂದೊಂದು ಕೊಡ ಸುರಿದರು.

ಬೆಳಿಗ್ಗೆ ಐದು ಕುಣಿಗಳಲ್ಲಿ ನೀರು ಹಾಗೇ ಇತ್ತು. ಬೇವಿನ ಬುಡದ್ದು ಅರ್ಧ ಇಳಿದಿತ್ತು. ಏಳನೆಯ ಕುಣಿ ಒಣಗಿತ್ತು. ದುರಗವ್ವ ನಂಬದೆ ಇನ್ನೊಂದು ಕೊಡ ಸುರಿದು ರೊಟ್ಟಿ ತಟ್ಟಲು ಕೂತಳು. ಹತ್ತು ರೊಟ್ಟಿ ಬೇಯುವಷ್ಟರಲ್ಲಿ ಆ ನೀರೂ ಇರಲಿಲ್ಲ. ಎರಡು ತಲೆಮಾರು ಜನ, ಎಮ್ಮೆ ತುಳಿದು ತುಳಿದು ಅಂಗಳದ ಮೇಲ್ಮೈ ಕಲ್ಲಾಗಿತ್ತು; ಬಂದ ನೀರೆಲ್ಲ ಅದರ ಮೇಲೆ ಜಾರಿ ಸೀದಾ ಗೋಡೆಗೆ ಹೋಗುತ್ತಿತ್ತು. ಆ ಹೊಪ್ಪಳಿಕೆ ಒಡೆದರೆ ಒಂದು ಗೇಣು ಕೆಳಗೆ ಉಸುಕು ಬೆರೆತ ಕೆಂಪು ಗರಸು.

ಆಗ ದುರಗವ್ವನಿಗೆ ಇನ್ನೊಂದು ವಿಷಯ ಹೊಳೆಯಿತು. ಗಟ್ಟಿ ನೆಲವನ್ನೆಲ್ಲ ಜೋಳಕ್ಕೆ ಕೊಟ್ಟು, ಜೋಳ ಬೇಡವೆಂದ ನೆಲವನ್ನು ಬಡವರಿಗೆ ಮನೆ ಕಟ್ಟಲು ಬಿಟ್ಟಿದ್ದರು. ಅತ್ತೆ ಮಾವನಿಗೆ ಈ ಜಾಗ ಸಿಕ್ಕದ್ದು ಯಾರ ಪುಣ್ಯದಿಂದಲೂ ಅಲ್ಲ, ಯಾರಿಗೂ ಬೇಡವಾಗಿದ್ದರಿಂದ. ಸಿಟ್ಟು ಬಂತು, ಅದರ ಹಿಂದೆಯೇ ಒಂದು ಸಂತೋಷವೂ ಬಂತು. ಇಡೀ ಓಣಿಯಲ್ಲಿ ಈ ನೀರಿಗೆ ಉತ್ತರ ಹೇಳಬಲ್ಲ ನೆಲ ಅವಳ ಅಂಗಳದಲ್ಲೇ ಇತ್ತು.

ಆದರೆ ಅಲ್ಲಿ ಮಳೆತೋಟ ಮಾಡುವುದೆಂದರೆ ಓಣಿಯ ನೀರನ್ನು ತಾನೇ ಕರೆದು ಅಂಗಳಕ್ಕೆ ಬಿಟ್ಟುಕೊಳ್ಳಬೇಕು. ಎಷ್ಟೋ ವರ್ಷಗಳಿಂದ ಗಂಡ ಹೆಂಡತಿ ಮಣ್ಣು ಹೊತ್ತು ಹಾಕಿದ ಒಡ್ಡು ಓಣಿಯ ಅಂಚಿಗಿತ್ತು. ಅದನ್ನು ಒಡೆಯಬೇಕು. ಫಕ್ಕೀರಪ್ಪ ಜೀವನದಲ್ಲಿ ಮೊದಲ ಸಲ ಹೋಗ್ಲಿ ಬಿಡು ಎನ್ನಲಿಲ್ಲ.

"ದುರಗಿ, ಅದೊಂದ ಮಾತ್ರ ಬ್ಯಾಡ. ಒಡ್ಡು ಇದ್ದಾಗ ಇಷ್ಟ ನೀರು ಬಂದಾವ, ಒಡದ ಮ್ಯಾಲ ಗೋಡಿ ಉಳಿತೈತೇನು? ಇದು ನಮ್ಮವ್ವ ಕಟ್ಟಿದ ಗೋಡಿ."

"ನಿಮ್ಮವ್ವ ಕಟ್ಟಿದ ಗೋಡಿಗೆ ನಾ ಮೂವತ್ತೈದು ವರ್ಷ ಸುಣ್ಣಾ ಹಚ್ಚೇನಿ," ಎಂದಳು ದುರಗವ್ವ. "ಇದು ಬಿದ್ರ ನಿಮಗಿಂತ ಮೊದಲ ನನ್ನ ಎದಿ ಒಡಿತೈತಿ. ಒಡ್ಡು ಹಾಕಿ ಎಷ್ಟ ದಿನ ಬದುಕೂಣ್ರಿ? ನೀರು ಮ್ಯಾಲಿಂದ ಹಾರಿ ಬರ್ತೈತಿ. ಹೆದರಿಕೊಂಡು ತಡದೇವಿ, ಸೋತೇವಿ. ಈಗ ಒಂದ ಸಲ ಬಾ ಅಂತ ಕರದು ನೋಡೂಣು."

ಫಕ್ಕೀರಪ್ಪ ಎದ್ದು, ಬೆನ್ನಿಗೆ ಪಟ್ಟಿ ಬಿಗಿದುಕೊಂಡು, ಗುದ್ದಲಿ ತಗೊಂಡು ಒಡ್ಡಿಗೆ ಮೊದಲ ಏಟು ತಾನೇ ಹಾಕಿದ.

ದೊಡ್ಡ ಸಾಹೇಬರಿಗೆ ಸುದ್ದಿ ಮುಟ್ಟಿತು. ಮನೆ ಬಿದ್ದರೆ ಕಚೇರಿಗೆ ಸಂಬಂಧವಿಲ್ಲ ಎಂದು ಬರೆದುಕೊಡಬೇಕು ಎಂದರು. ಪ್ರಿಯಾಂಕಾ ನಾಚುತ್ತಲೇ ಕಾಗದ ತಂದಳು. ನೀರನ್ನು ನಾನೇ ನನ್ನ ಅಂಗಳಕ್ಕೆ ಕರೆದುಕೊಂಡಿದ್ದೇನೆ ಎಂದು ಅದರಲ್ಲಿತ್ತು. ದುರಗವ್ವ ಕೇಳಿಸಿಕೊಂಡು, "ಅದರ ಕೆಳಗ ಇನ್ನೊಂದು ಸಾಲು ಬರಿ: ಆದರ ಈ ನೀರು ಕಳಿಸಿದವರು ಬ್ಯಾರೆ," ಎಂದಳು. ಆ ಸಾಲು ಬರೆಸಿಯೇ ಸಹಿ ಮಾಡಿದಳು. ಸಹಿಯ ಅಕ್ಷರ ಒಂದೊಂದೂ ಹೆಬ್ಬೆರಳಷ್ಟು ದಪ್ಪ ಇತ್ತು.

ಈ ಸಲ ಆತುರ ಮಾಡಲಿಲ್ಲ. ತಗ್ಗು ಗೋಡೆಯಿಂದ ಹದಿನೈದು ಅಡಿ ದೂರ ಇರುವಂತೆ ಪ್ರಿಯಾಂಕಾ ಸುಣ್ಣದಲ್ಲಿ ಗೆರೆ ಎಳೆದಳು. ರಸೂಲಬಿಯ ಅಂಗಳದ ನೆಲವೂ ಅದೇ ಗರಸು. ಅವಳೂ ಅರ್ಧ ಅಂಗಳ ಬಿಟ್ಟುಕೊಟ್ಟಳು. ಎರಡೂ ಸೇರಿ ಇಪ್ಪತ್ತು ಹೆಜ್ಜೆ ಉದ್ದದ ತಗ್ಗಾಯಿತು. ಓಣಿಯ ನೀರು ರಭಸದಿಂದ ಕೊರೆಯದಂತೆ ಬಾಯಿಗೆ ಗುಂಡುಕಲ್ಲು ಜೋಡಿಸಿದರು. ತುಂಬಿ ಹೆಚ್ಚಾದ ನೀರು ಹೋಗಲು ಹೊಸ್ತಿಲಿಗಿಂತ ಒಂದು ಗೇಣು ಕೆಳಗೆ ಒಂದು ಹಾದಿ ಬಿಟ್ಟು, ಹಿತ್ತಲ ಕಡೆಯ ಸಣ್ಣ ಗಟಾರಕ್ಕೆ ಕೂಡಿಸಿದರು. ಆ ಗಟಾರ ಓಣಿಯ ನೀರನ್ನೆಲ್ಲ ಹೊರುವುದಿಲ್ಲ, ನಿಧಾನಕ್ಕೆ ಬಂದರೆ ಹೊರುತ್ತದೆ. ಹಳೆಯ ತಗ್ಗಿನಲ್ಲಿ ಕೊಳೆಯದೆ ಉಳಿದ ಲಾವಂಚವನ್ನು ಕಿತ್ತು ತಂದು ಇಲ್ಲಿ ನೆಟ್ಟು, ಆ ತಗ್ಗನ್ನು ಮುಚ್ಚಿದರು. ಓಣಿಯವರು ಬಂದು ನೋಡಿ, ತಲೆ ಅಲ್ಲಾಡಿಸಿ ಹೋದರು. ಮೊದಲ ತಗ್ಗಿಗೆ ನಕ್ಕವರಿಗೆ ಇದಕ್ಕೆ ನಗುವ ಧೈರ್ಯವೂ ಇರಲಿಲ್ಲ, ಅಷ್ಟು ಹುಚ್ಚು ಕೆಲಸವಾಗಿ ಕಂಡಿತ್ತು ಅವರಿಗೆ.

ಜೂನಿನಲ್ಲಿ ಮಿರಗದ ಮಳೆ ಸಣ್ಣಗೆ ಬಂದು ಹೋಯಿತು. ಆರಿದ್ರಾ ಮಳೆ ಒಂದು ಮಧ್ಯಾಹ್ನ ಮೂರಕ್ಕೆ ಹಿಡಿಯಿತು. ತಗಡಿನ ಛಾವಣಿಯ ಸದ್ದಿಗೆ ಪಕ್ಕದಲ್ಲಿ ಕೂತವರ ಮಾತು ಕೇಳುತ್ತಿರಲಿಲ್ಲ. ಓಣಿ ತುಂಬಿ ಕೆಂಪು ನೀರು ಬಂತು, ಒಡ್ಡಿಲ್ಲದ ಬಾಯಿಗೆ ನುಗ್ಗಿತು, ಕಲ್ಲಿಗೆ ಹೊಡೆದು ತಗ್ಗಿನಲ್ಲಿ ಹರಡಿತು. ಫಕ್ಕೀರಪ್ಪ ಟ್ರಂಕು ಎತ್ತಿಕೊಂಡು ಗುಡಿಯ ಕಟ್ಟೆಗೆ ಹೊರಟ.

"ಇಳಸ್ರಿ ಅದನ್ನ," ಎಂದಳು ದುರಗವ್ವ. "ಟ್ರಂಕ ಹೊರಗ ಹೋದ್ರ ಗೋಡಿಗೆ ಗೊತ್ತಾಗ್ತೈತಿ, ನಾವು ಹೆದರೇವಿ ಅಂತ."

ಅವನು ಇಳಿಸಿದ. ಇಬ್ಬರೂ ಹೊಸ್ತಿಲ ಮೇಲೆ ಕೂತರು. ನೀರು ಏರುತ್ತಿತ್ತು. ಲಾವಂಚದ ಬುಡ ಮುಳುಗಿತು, ಎಲೆ ಅರ್ಧ ಮುಳುಗಿತು. ಹೆಚ್ಚಿನ ನೀರು ಹಾದಿಗೆ ಬಿದ್ದು ಹಿತ್ತಲ ಕಡೆ ಹರಿಯತೊಡಗಿತು. ದುರಗವ್ವ ಉಸಿರು ಬಿಟ್ಟಳು. ಅಷ್ಟರಲ್ಲಿ ಆ ಹರಿವು ಇದ್ದಕ್ಕಿದ್ದಂತೆ ನಿಂತಿತು. ನೀರು ಮಾತ್ರ ಏರುತ್ತಲೇ ಇತ್ತು. ಹೊಸ್ತಿಲಿಗೆ ನಾಲ್ಕು ಬೆರಳು ಉಳಿಯಿತು, ಮೂರು ಉಳಿಯಿತು.

ದುರಗವ್ವ ಎದ್ದವಳೇ ತಗ್ಗಿಗೆ ಧುಮುಕಿದಳು. ತೊಡೆಮಟ್ಟ ನೀರು, ಕಾಲೆಲ್ಲ ಉರಿ. ಹಾದಿಯ ಬಾಯಿಗೆ ಕೈ ಹಾಕಿದರೆ ಮೆಣಸಿನಕಾಯಿ ತೊಟ್ಟು! ಗೋಡೌನಿನ ಅಂಗಳದಲ್ಲಿ ಗುಡ್ಡೆ ಹಾಕಿದ್ದ ತೊಟ್ಟೆಲ್ಲ ತೇಲಿ ಬಂದು ಮುದ್ದೆಯಾಗಿ ಸಿಕ್ಕಿಕೊಂಡಿತ್ತು. ಅವಳೇ ಬಿಡಿಸಿದ ತೊಟ್ಟು, ಅವಳ ಗೆಳತಿಯರು ಬಿಡಿಸಿದ ತೊಟ್ಟು. ಎರಡೂ ಕೈಯಲ್ಲಿ ಬಾಚಿ ಬಾಚಿ ಎಸೆದಳು. ಎಸೆದಷ್ಟೂ ಬರುತ್ತಿತ್ತು. ಒಂದೊಂದು ಹಿಡಿಗೂ ಒಂದೊಂದು ಬೈಗುಳ ಬಿತ್ತು. ಸಾವಕಾರರಿಗೆ, ಗುತ್ತಿಗೆದಾರರಿಗೆ, ದೊಡ್ಡ ಸಾಹೇಬರಿಗೆ, ಕಡೆಗೆ ಮಳೆಗೂ. ರಸೂಲಬಿ ಬುಟ್ಟಿ ಹಿಡಿದು ಇಳಿದಳು. ಫಕ್ಕೀರಪ್ಪ ಬೆನ್ನು ಮರೆತು ಇಳಿದ. ದಾರಿ ಬಿಟ್ಟು ಓಡಾಡುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಂದು ಸಾಲಾಗಿ ನಿಂತರು. ತೊಟ್ಟು ಕೈಯಿಂದ ಕೈಗೆ ದಾಟಿ ಓಣಿಯ ಆಚೆ ಬಿತ್ತು. ಹಾದಿ ಬಿಚ್ಚಿಕೊಂಡು ನೀರು ಗಳಗಳನೆ ಹಿತ್ತಲಿಗೆ ಹರಿಯಿತು.

ಮಳೆ ಐದಕ್ಕೆ ನಿಂತಿತು. ಹೊಸ್ತಿಲಿಗೆ ಎರಡು ಬೆರಳು ಉಳಿದಿತ್ತು. ದುರಗವ್ವ ನೀರಿನಿಂದ ಮೇಲೆ ಬಂದು, ಒಳಗೆ ಹೋಗಿ ಪಡಸಾಲೆಯ ಗೋಡೆಯ ಬುಡ ಮುಟ್ಟಿ ನೋಡಿದಳು. ಒಣಗಿತ್ತು. ಇನ್ನೊಂದು ಕಡೆ ಮುಟ್ಟಿದಳು, ಅಲ್ಲೂ ಒಣಗಿತ್ತು. ಆಮೇಲೆ ಗೋಡೆಗೆ ಕೆನ್ನೆ ಹಚ್ಚಿ ನಿಂತು, ಮೂವತ್ತು ವರ್ಷದ್ದನ್ನೆಲ್ಲ ಒಟ್ಟಿಗೆ ಅತ್ತಳು. ಖಾರದ ಕೈಯಿಂದ ಕಣ್ಣೊರೆಸಿಕೊಂಡು ಉರಿ ಹತ್ತಿ ಮತ್ತೂ ಅತ್ತಳು. ಫಕ್ಕೀರಪ್ಪ ತನ್ನ ಟವೆಲ್ಲು ಕೊಟ್ಟ.

ಬೆಳಿಗ್ಗೆ ಹತ್ತಕ್ಕೆ ತಗ್ಗಿನ ತಳದಲ್ಲಿ ಹಸಿ ಮಣ್ಣು ಮಾತ್ರ ಇತ್ತು. ಹನ್ನೊಂದಕ್ಕೆ ಕಚೇರಿಯ ಜೀಪು ಬಂತು. ಇಷ್ಟು ಮಳೆಯಲ್ಲಿ ಆ ಮನೆಗೆ ನೀರು ಹೊಕ್ಕೇ ಹೊಕ್ಕಿರುತ್ತದೆ ಎಂದು ಪಂಚನಾಮೆಯ ಕಾಗದ ತುಂಬಿಸಿಕೊಂಡೇ ತಂದಿದ್ದರು. ಸಹಿ ಒಂದು ಬಾಕಿ. ದೊಡ್ಡ ಸಾಹೇಬರು ಕ್ಯಾನ್ವಾಸ್ ಬೂಟು ಹಾಕಿ ಪ್ಯಾಂಟು ಮೊಣಕಾಲಿಗೆ ಮಡಚಿದ್ದರು. ಗುಮಾಸ್ತ ರಬ್ಬರು ಬೂಟು ಹಾಕಿಕೊಂಡಿದ್ದ. ಹನುಮೇಶ ಸಾವಕಾರರು ಧೋತರ ಎತ್ತಿ ಹಿಡಿದಿದ್ದರು. ಹಿಂದೆ ಪ್ರಿಯಾಂಕಾ, ಮುಖ ಬಿಳಿಚಿಕೊಂಡು ಬರುತ್ತಿದ್ದಳು. ಮುಂದಿನ ಮೂವರೂ ಅಂಗಳ ದಾಟಿ, ಕೆಸರು ಬೂಟು ಚಪ್ಪಲಿಯಲ್ಲೇ ಹೊಸ್ತಿಲಿಗೆ ಕಾಲಿಡಲು ಬಂದರು. ಯಾವಾಗಲೂ ಹಾಗೇ ಬರುತ್ತಿದ್ದರು.

ದುರಗವ್ವ ಬಾಗಿಲ ನಡುವೆ ನಿಂತಿದ್ದಳು. ತಲೆಗೆ ಎಣ್ಣೆ ಹಚ್ಚಿ, ಇಳಕಲ್ ಸೀರೆ ಉಟ್ಟಿದ್ದಳು.

"ಅಲ್ಲೇ ನಿಂದರ್ರಿ," ಎಂದಳು. "ಚಪ್ಪಲಿ, ಬೂಟು ಹೊರಗ ಬಿಟ್ಟು ಬರ್ರಿ. ನೆಲಾ ಸಾರಿಸೇನಿ."

ದೊಡ್ಡ ಸಾಹೇಬರು ಆಕೆಯ ಭುಜದ ಮೇಲಿಂದ ಒಳಗೆ ಇಣುಕಿದರು. ಪಡಸಾಲೆಯ ನೆಲ ಸಗಣಿ ಸಾರಿಸಿ ಒಣಗಿ ನುಣ್ಣಗಿತ್ತು, ನಡುವೆ ರಂಗೋಲಿ ಇತ್ತು. ಅವರು ಸಾವಕಾರರ ಮುಖ ನೋಡಿದರು, ಸಾವಕಾರರು ಧೋತರ ಕೆಳಗೆ ಬಿಟ್ಟರು. ದುರಗವ್ವ ದಾರಿ ಬಿಡಲಿಲ್ಲ. ಕಡೆಗೆ ದೊಡ್ಡ ಸಾಹೇಬರು ಪಂಚನಾಮೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಲಕ್ಕಪ್ಪನ ಮಗಳ ಹೊಸ್ತಿಲ ಮುಂದೆ ಬಗ್ಗಿ ಬೂಟಿನ ಲೇಸು ಬಿಚ್ಚತೊಡಗಿದರು.